ಮೊಣಕಾಲಿಗೆ ಒಗ್ಗುವ ದಡ

ಬೆರ್ರಿಯೆಸಾ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಸೇತುವೆಯ ಸುದ್ದಿ ಹೇಳುತ್ತಾರೆ. ಸಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆಯನ್ನು ನಾನೂ ನೋಡಿದೆ. ಮಂಜು ಕವಿದಿತ್ತು, ಅರ್ಧವೇ ಕಂಡಿತು. ಉಳಿದರ್ಧವೂ ಹಾಗೆಯೇ ಇರಬೇಕು ಎಂದುಕೊಂಡು ಕಾರು ಹತ್ತಿದೆ. ಹೇಳುವಂಥದ್ದು ನಡೆದದ್ದು ಕೆರೆಯ ದಡದಲ್ಲಿ. ಅದೂ ಮೂರನೆಯ ಕೆರೆಯ ದಡದಲ್ಲಿ. ಮೊದಲಿನ ಎರಡು ಕೆರೆಗಳು ನನ್ನ ಮೊಣಕಾಲನ್ನೂ ಮಾನವನ್ನೂ ಒಟ್ಟಿಗೇ ತೆಗೆದವು.

ನಾನು ಕುಂದಾಪುರದ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬುಟ್ಟಿ ಹೊತ್ತೆ. ಮಗಳು ಸುಜಾತ ಓದಿದಳು, ಮೈಸೂರಿನ ಹುಡುಗನನ್ನು ಮೆಚ್ಚಿ ಮದುವೆಯಾದಳು. ಈಗ ಸಾನ್ ಹೋಸೆಯ ಬೆರ್ರಿಯೆಸಾದಲ್ಲಿ ಮನೆ. ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಶನಿವಾರವೂ ಡ್ಯೂಟಿ. ಅಳಿಯ ಪ್ರಸಾದರ ಆಫೀಸು ರೆಡ್‌ವುಡ್ ಸಿಟಿಯಲ್ಲಿ. ಒಳ್ಳೆಯವರು, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಮೀನು ತಿನ್ನುವವಳನ್ನು ಒಪ್ಪಿ ಮದುವೆಯಾದರು, ಮೀನನ್ನು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ.

ಮೊಮ್ಮಗಳು ತನ್ವಿಗೆ ಹತ್ತು ವರ್ಷ. ನಾವು ಆಡುವ ಕನ್ನಡವೆಲ್ಲ ಅವಳಿಗೆ ಗೊತ್ತಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಅದರಲ್ಲಿ ಅರ್ಧ ನನಗೆ ಕಿವಿಯಿಂದ ಗೊತ್ತಾಗುತ್ತದೆ, ಉಳಿದರ್ಧ ಅವಳ ಮುಖದಿಂದ. ನಾನು ಹೋದ ಹೊಸತರಲ್ಲಿ ಬೆಳಿಗ್ಗೆ "ಹಾಯ್ ಅಮ್ಮಮ್ಮ" ಅನ್ನುತ್ತಿದ್ದಳು, ಮಲಗುವಾಗ "ಗುಡ್ ನೈಟ್ ಅಮ್ಮಮ್ಮ" ಅನ್ನುತ್ತಿದ್ದಳು. ನಡುವೆ ಇದ್ದದ್ದು ಅವಳ ರೂಮಿನ ಮುಚ್ಚಿದ ಬಾಗಿಲು. ಬಾಗಿಲು ನೋಡುವುದಕ್ಕೆ ಅಷ್ಟು ದೂರ ವಿಮಾನದಲ್ಲಿ ಕಾಲು ಮಡಚಿ ಕೂತು ಬರಬೇಕಿತ್ತೇ ಅಂತ ನನಗೆ ಸಿಟ್ಟೂ ಬಂದಿತ್ತು.

ಹೀಗಿರುವಾಗ ಅವಳ ಹುಟ್ಟುಹಬ್ಬಕ್ಕೆ ಯಾರೋ ಗಾಳದ ಕೋಲೊಂದನ್ನು ಕೊಟ್ಟರು. ನೀಲಿ ಬಣ್ಣದ್ದು, ಹಿಡಿಕೆಯ ಹತ್ತಿರ ದಾರ ಸುತ್ತುವ ರೀಲು. ಅದನ್ನು ಹಿಡಿದುಕೊಂಡು ಸೀದಾ ನನ್ನ ಕೋಣೆಗೆ ಬಂದಳು.

"ಅಮ್ಮಮ್ಮ, ಯು ಆರ್ ಎ ಫಿಷರ್‌ವುಮನ್, ರೈಟ್? ನಂಗೆ ಟೀಚ್ ಮಾಡ್ತೀಯಾ?"

ನಾನು "ಹ್ಞೂಂ" ಅಂದೆ.

ಆ ಹ್ಞೂಂ ಅನ್ನಬಾರದಿತ್ತು. ನಮ್ಮ ಕಡೆ ಮೀನು ಹಿಡಿಯುವುದು ಗಂಡಸರು. ಹೆಂಗಸರು ದಡದಲ್ಲಿ ಬುಟ್ಟಿ ಹಿಡಿದು ಕಾಯುವವರು, ಪಾಲು ಹಾಕಿಸಿಕೊಳ್ಳುವವರು, ಹೊತ್ತು ಮಾರುವವರು. ಬಂಗುಡೆ ಇವತ್ತಿನದೋ ನಿನ್ನೆಯದೋ ಎಂದು ಕಿವಿರು ಎತ್ತದೆಯೇ ಹೇಳಿಯೇನು. ಆದರೆ ಗಾಳ ಹಾಕಿ ಒಂದು ಮೀನನ್ನೂ ನಾನು ನೀರಿನಿಂದ ಎತ್ತಿದವಳಲ್ಲ. ಅದನ್ನು ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಗು ಹಾಸಿಗೆಯ ಮೇಲೆ, ನನ್ನ ಪಕ್ಕದಲ್ಲೇ ಕೂತಿತ್ತು. ಎಬ್ಬಿಸಿ ಕಳಿಸಲು ಮನಸ್ಸಾಗಲಿಲ್ಲ.

ಸಂಜೆಗೆ ತನ್ವಿಯ ಗೆಳತಿ ಮಿಯಾಳಿಗೆ ಫೋನು ಹೋಯಿತು. ಮಾರನೆಯ ದಿನ ಪ್ರಸಾದರು ನಗುತ್ತ ಬಂದು ಹೇಳಿದರು: "ಅತ್ತೆ, ನೀವು ಪ್ರೊಫೆಷನಲ್ ಅಂತೆ. ಇವ್ಳು ಕ್ಲಾಸ್‌ಗೆಲ್ಲ ಹೇಳ್ಕೊಂಡ್ ಬಂದಿದ್ದಾಳೆ."

ಅಡಿಗೆಮನೆಯಲ್ಲಿ ಸುಜಾತ ನನ್ನನ್ನು ಹಿಡಿದು ನಿಲ್ಲಿಸಿದಳು. "ಅಮ್ಮ, ನೀನ್ ಗಾಳ ಮುಟ್ಟಿದ್ ಯಾವ ಕಾಲದಲ್?"

"ಸುಮ್ನಿರ್. ಅದೆಂತ ದೊಡ್ಡ ಇದ್ಯೆಯಾ?"

"ನಾನ್ ಹೇಳೂದಿಲ್ಲೆ. ತನ್ವಿ ನಿನ್ ಹತ್ರ ಕೂಕಂಡ್ ಮಾತಾಡ್ತಿತ್, ನಂಗ್ ಅಷ್ಟ್ ಸಾಕ್. ಆದ್ರೆ ಒಂದಿನ ಗೊತ್ತಾತ್ತ್ ಅಮ್ಮ."

ನನಗೂ ಅದೇ ಹೆದರಿಕೆ. ಗೊತ್ತಾದ ದಿನ ಮತ್ತೆ ಬಾಗಿಲು ಮುಚ್ಚುತ್ತದೆ.

ಮೊದಲನೆಯ ಕೆರೆ

ಅಲ್ಲಿಯ ಕೆರೆಗಳಲ್ಲಿ ಚಳಿಗಾಲಕ್ಕೆ ಟ್ರೌಟು ಎಂಬ ಮೀನು ಬಿಡುತ್ತಾರೆ. ಎಲ್ಲೋ ತೊಟ್ಟಿಯಲ್ಲಿ ಸಾಕಿ, ಲಾರಿಯಲ್ಲಿ ತಂದು, ಕೆರೆಗೆ ಸುರಿಯುತ್ತಾರೆ. ಆಮೇಲೆ ಜನ ಸಾಲಾಗಿ ನಿಂತು ಅದನ್ನೇ ಹಿಡಿಯುತ್ತಾರೆ. ನಮ್ಮೂರಲ್ಲಿ ಮೀನು ನೀರಿನಿಂದ ಲಾರಿಗೆ ಹೋಗುತ್ತದೆ, ಇಲ್ಲಿ ಲಾರಿಯಿಂದ ನೀರಿಗೆ. ಇದನ್ನು ಕೇಳಿ ನಾನು ನಕ್ಕೆ. ಪ್ರಸಾದರಿಗೆ ಯಾಕೆ ನಗು ಅಂತ ಗೊತ್ತಾಗಲಿಲ್ಲ.

ದೊಡ್ಡವರು ಕೋಲು ಮುಟ್ಟಬೇಕಾದರೆ ಸರಕಾರದ ಲೈಸೆನ್ಸು ಬೇಕು, ಮಕ್ಕಳಿಗೆ ಬೇಡ. ಈ ಕಾನೂನು ನನಗೆ ದೇವರು ಕೊಟ್ಟ ಹಾಗಾಯಿತು. "ನನ್ ಹತ್ರ ಲೈಸೆನ್ಸ್ ಇಲ್ಲೆ, ನಾ ಮುಟ್ಟೂಕಿಲ್ಲೆ. ನೀನೇ ಹಾಕ್, ನಾ ಬದಿಯಲ್ ನಿಂತ್ ಕಾಂತೆ," ಎಂದು ತನ್ವಿಗೆ ಮೊದಲೇ ಹೇಳಿಟ್ಟೆ.

ಪ್ರಸಾದರು ಆಫೀಸಿನವರನ್ನು ಕೇಳಿದ್ದರಂತೆ, ಬಹಳ ಮೀನು ಸಿಗುವ ಕೆರೆ ಯಾವುದು ಅಂತ. ಗುಡ್ಡದ ಮೇಲಿನ ಕೆರೆಯೊಂದನ್ನು ಹೇಳಿದರು. ಹೋದೆವು. ಗುಡ್ಡವೆಲ್ಲ ಹಸಿರು, ಕೆರೆ ನೀಲಿ, ನೋಡಲು ಚಂದ. ಆದರೆ ಕಾರು ನಿಲ್ಲಿಸಿದ ಜಾಗದಿಂದ ನೀರು ಅಷ್ಟು ಕೆಳಗಿತ್ತು. ಇಳಿಯಲು ಇದ್ದದ್ದು ಜಿಂಕೆ ಓಡಾಡಿದ ದಾರಿ.

ನನ್ನ ಬಲ ಮೊಣಕಾಲು ಬುಟ್ಟಿಯ ಭಾರಕ್ಕೆ ಸವೆದದ್ದು. ಮೆಟ್ಟಿಲು ಇಳಿಯುವಾಗಲೇ ಕಟಕಟ ಅನ್ನುತ್ತದೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಅಳಿಯನ ಭುಜ. ಪಕ್ಕದ ಕಡ್ಡಿ ಹಿಡಿಯೋಣವೆಂದರೆ ಅವರು ಹೌಹಾರಿದರು: "ಅಯ್ಯೋ ಅತ್ತೆ, ಮುಟ್ಬೇಡಿ! ಅದು ಪಾಯ್ಸನ್ ಓಕು. ಮೈಯೆಲ್ಲ ಬೊಬ್ಬೆ ಬರುತ್ತೆ." ನಮ್ಮ ತುರಚೆ ಗಿಡದ ದೊಡ್ಡಪ್ಪ ಅದು. ಎಲೆ ಉದುರಿದ್ದರೂ ಬರಿಯ ಕಡ್ಡಿಯೇ ಸಾಕಂತೆ.

ಕೆಳಗೆ ನಿಲ್ಲಲು ಇದ್ದ ಜಾಗ ಒಂದು ಚಾಪೆಯಷ್ಟು. ಹಿಂದೆ ಪೊದೆ, ಮುಂದೆ ಕಲ್ಲುಗುಂಡು. ತನ್ವಿ ಕೋಲು ಬೀಸಿದಳು, ಗಾಳ ಪೊದೆಗೆ ಸಿಕ್ಕಿತು. ಬಿಡಿಸಿ ಮತ್ತೆ ಬೀಸಿದಳು, ಈ ಸಲ ಅಪ್ಪನ ಟೋಪಿ ಹಾರಿ ನೀರಿಗೆ ಬಿತ್ತು.

"ಅಮ್ಮಮ್ಮ, ವಾಟ್ ಆಮ್ ಐ ಡೂಯಿಂಗ್ ರಾಂಗ್?"

ನನಗೆ ಗೊತ್ತಿದ್ದರಲ್ಲವೇ ಹೇಳುವುದು. "ಜಾಗ ಸರಿ ಇಲ್ಲೆ," ಅಂದೆ. ಅದು ನಿಜವೂ ಆಗಿತ್ತು, ನನ್ನನ್ನು ಉಳಿಸಿತು ಕೂಡ. ಹತ್ತುವಾಗ ಅಳಿಯ ಹಿಂದಿನಿಂದ ತಳ್ಳಿದರು, ಮೊಮ್ಮಗಳು ಮುಂದಿನಿಂದ ಎಳೆದಳು. ಮಾರ್ಕೆಟಿನ ಲಾರಿಗೆ ಐಸಿನ ಪೆಟ್ಟಿಗೆ ಏರಿಸಿದ ಹಾಗೆ ನನ್ನನ್ನು ಏರಿಸಿದರು.

ಮಾರ್ಗನ್ ಹಿಲ್ ದಾಟಿ

ಮುಂದಿನ ವಾರ ಫ್ರೀವೇಯಲ್ಲಿ ದಕ್ಷಿಣಕ್ಕೆ, ಮಾರ್ಗನ್ ಹಿಲ್ ಎಂಬ ಊರು ದಾಟಿ ಇನ್ನೊಂದು ಕೆರೆಗೆ ಹೋದೆವು. ಈ ಸಲ ಅಳಿಯ ಫೋನಿನಲ್ಲಿ ದಡದ ಚಿತ್ರ ತೋರಿಸಿದ್ದರು, ಚಪ್ಪಟೆ ಇತ್ತು. ಚಪ್ಪಟೆ ಇರುವುದಕ್ಕೆ ಕಾರಣ ಕೆರೆಯ ನೀರು ಇಳಿದು ತಳ ಕಾಣಿಸುತ್ತಿದ್ದದ್ದು. ಒಣಗಿ ಹೆಂಚಿನ ಹಾಗೆ ಬಿರುಕು ಬಿಟ್ಟ ಮಣ್ಣು, ಅದರಾಚೆ ನೀರು.

"ಇದ್ ಗಟ್ಟಿ ಇತ್ತ್, ಬನ್ನಿ," ಎಂದು ನಾನೇ ಮುಂದೆ ನಡೆದೆ. ಹೊಳೆಬದಿಯ ಕೆಸರಿನಲ್ಲಿ ಹುಟ್ಟಿ ಬೆಳೆದವಳು ನಾನು, ಕೆಸರಿನ ವಿಷಯ ನನಗೆ ಯಾರು ಹೇಳಬೇಕು ಎಂಬ ಜಂಬ. ಮೇಲೆ ಹಪ್ಪಳ, ಒಳಗೆ ಹಿಟ್ಟು. ನೀರಿಗೆ ಇನ್ನೂ ದೂರವಿರುವಾಗಲೇ ಬಲಗಾಲು ಮೀನಖಂಡದವರೆಗೆ ಹೋಯಿತು. ಎಳೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಕಾಲಿಗಿಂತ ಮೊಣಕಾಲಿನ ಕೂಗು ದೊಡ್ಡದಾಗಿತ್ತು. ಅಲ್ಲೇ ಕೂತುಬಿಟ್ಟೆ.

ತನ್ವಿ ಅಳಲು ಶುರು ಮಾಡಿದಳು.

"ಎಂತಕೆ ಕೂಗ್ತೆ ಮಗಾ? ನಾ ಸತ್ತಿಲ್ಲೆ. ಚಪ್ಪಲಿ ಮಾತ್ರ ಹೋದ್ದ್."

"ಐ ಮೇಡ್ ಯೂ ಕಮ್," ಎಂದು ಇನ್ನೂ ಜೋರಾಗಿ ಅತ್ತಳು.

ಪ್ರಸಾದರು ಪ್ಯಾಂಟು ಮಡಚಿ ಬಂದು ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಅವರ ಮುಖ ಬಿಳಿಚಿತ್ತು. "ಸಾಕು ಅತ್ತೆ, ಈ ಮೀನಿನ ಸಹವಾಸವೇ ಬೇಡ. ನಿಮ್ಗೇನಾದ್ರೂ ಆದ್ರೆ ಸುಜಾತ ನನ್ನ ಮನೆಯೊಳಗೆ ಸೇರಿಸಲ್ಲ."

ಕುಂಟುತ್ತ ಬಂದು ಕಾರು ಹತ್ತಿದೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಹಿಂದಿನ ಸೀಟಿನಿಂದ ತನ್ವಿ ಮೆಲ್ಲಗೆ ಹೇಳಿದಳು, "ಇಟ್ಸ್ ಓಕೆ ಅಮ್ಮಮ್ಮ. ಮನೆಯಲ್ಲೇ ಟೀಚ್ ಮಾಡು. ಗಂಟು ಹಾಕೋದು, ಎಲ್ಲ."

ಇದು ಕೆಸರಿಗಿಂತ ಕಷ್ಟ.

ನಡುವಿನ ವಾರ

ಗಂಟು ಹಾಕಿದೆ. ನಮ್ಮೂರಲ್ಲಿ ತಂಗೂಸು ಎನ್ನುವ ಪ್ಲಾಸ್ಟಿಕ್ ದಾರ ಅದು, ಬುಟ್ಟಿಗೆ ಹಗ್ಗ ಬಿಗಿಯುವ ಗಂಟು ಅದರಲ್ಲಿ ನಿಲ್ಲುತ್ತದೆಯೇ? ಎಳೆದಾಗಲೆಲ್ಲ ಜಾರಿತು. "ಇಲ್ಲಿನ ದಾರವೇ ಬೇರೆ" ಅಂದೆ. ಒಂದು ಸುಳ್ಳಿಗೆ ಎಷ್ಟು ಕೂಲಿಯಾಳು ಬೇಕು ನೋಡಿ.

ಆದರೂ ಆ ವಾರ ಅವಳು ಶಾಲೆಯಿಂದ ಬಂದೊಡನೆ ನನ್ನ ಹತ್ತಿರವೇ ಬರುತ್ತಿದ್ದಳು. ಮೊಣಕಾಲಿಗೆ ಮಂಜುಗಡ್ಡೆಯ ಚೀಲ ತಾನೇ ತಂದು ಇಡುತ್ತಿದ್ದಳು. ಇದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಇನ್ನು ಸ್ವಲ್ಪ ದಿನಕ್ಕೆ ಊರಿಗೆ ಹೊರಡುವವಳು ನಾನು. ಹೇಳದೆ ಹೋದರೆ ಸುಳ್ಳು ಇಲ್ಲೇ ಉಳಿಯುತ್ತದೆ, ಹೇಳಿದರೆ ಮಗು ಹೋಗುತ್ತದೆ.

ಮನೆಯ ಪಾಠಕ್ಕಿಂತ ಕೆರೆಯೇ ವಾಸಿ, ಅಲ್ಲಿ ಲೈಸೆನ್ಸಿನ ನೆಪವಾದರೂ ಇದೆ ಎಂದುಕೊಂಡು ಒಂದು ಸಂಜೆ ಅಳಿಯನಿಗೆ ಹೇಳಿದೆ: "ನೀವು ಕೇಂಬುದೇ ತಪ್ಪು. ಮೀನು ಎಲ್ಲಿ ಸಿಕ್ಕತ್ತ್ ಅಂದೇಳಿ ಕೇಂತ್ರಿ. ಮುದುಕ್ರ್ ಎಲ್ಲಿ ಕೂಕಂಡ್ ಹಿಡಿತ್ರ್ ಅಂದೇಳಿ ಕೇಣಿ."

ಅವರು ಕೂಡಲೇ ಫೋನು ತೆಗೆದರು. ಮಾರನೆಯ ದಿನವೇ ಉತ್ತರ ತಂದರು. ಊರೊಳಗಿನ ಪಾರ್ಕಿನ ಕೆರೆ. ಗಾಲಿಕುರ್ಚಿ ಹೋಗುವ ದಾರಿ ನೀರಿನವರೆಗೂ ಇದೆ. ಬೆಂಚಿದೆ, ನೆರಳಿದೆ, ಕಕ್ಕಸೂ ಇದೆ. ಅಲ್ಲಿಗೂ ಮೀನಿನ ಲಾರಿ ಬರುತ್ತದಂತೆ. "ಇನ್ನೊಂದು ಗುಡ್ ನ್ಯೂಸು ಅತ್ತೆ," ಎಂದು ನಕ್ಕರು, "ನಿಮ್ಗೆ ಲೈಸೆನ್ಸು ತಗೊಂಡ್ಬಿಟ್ಟೆ, ಫೋನಲ್ಲೇ. ಇನ್ಮೇಲೆ ನೀವೇ ಹಿಡೀಬಹುದು."

ನನ್ನ ಕೊನೆಯ ಗೋಡೆಯೂ ಬಿತ್ತು.

ಬೆಂಚುಗಳ ಕೆರೆ

ಕಾರಿನಿಂದ ಇಳಿದು ನೋಡುತ್ತೇನೆ, ದಾರಿ ನಮ್ಮ ಮನೆಯ ಜಗಲಿಯಷ್ಟು ಸಮ. ಕೋಲೂರಿಕೊಂಡು ಯಾರ ಕೈಯನ್ನೂ ಹಿಡಿಯದೆ ನೀರಿನ ಅಂಚಿಗೆ ಹೋದೆ. ಕೈ ಚಾಚಿದರೆ ನೀರು, ಹಿಂದೆ ಪೊದೆಯಿಲ್ಲ, ಕೂರಲು ಬೆಂಚು. ಕಾಲು ನೀಡಿ ಕೂತಾಗ ಮೊಣಕಾಲು ಸುಮ್ಮನಿತ್ತು. ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು. ಬಾತುಗಳ ಹಿಕ್ಕೆ ಮಾತ್ರ ಎಲ್ಲ ಕಡೆ ಇತ್ತು. ಇರಲಿ, ಅದಕ್ಕೆ ಜಾರಿ ಬೀಳುವಷ್ಟು ಇಳಿಜಾರಿರಲಿಲ್ಲ.

ಪಕ್ಕದ ಬೆಂಚಿನಲ್ಲಿ ನನ್ನದೇ ವಯಸ್ಸಿನ ಹೆಂಗಸು. ವಿಯೆಟ್ನಾಮಿನವಳೆಂದು ಆಮೇಲೆ ಗೊತ್ತಾಯಿತು. ದಪ್ಪ ಜಾಕೆಟು, ತಲೆಗೆ ಉಣ್ಣೆಯ ಟೋಪಿ. ಕೋಲನ್ನು ಕವಲುಗೋಲಿಗೆ ಆನಿಸಿ, ತುದಿಗೆ ಸಣ್ಣ ಗೆಜ್ಜೆ ಕಟ್ಟಿ, ತಾನು ಕಿತ್ತಳೆ ಸುಲಿಯುತ್ತ ಕೂತಿದ್ದಳು. ಹೆಂಗಸೊಬ್ಬಳು ಹೀಗೆ ಆರಾಮಾಗಿ ಮೀನು ಹಿಡಿಯುವುದನ್ನು ನಾನು ನೋಡಿದ್ದು ಅದೇ ಮೊದಲು. ಬಾಯಿ ಬಿಟ್ಟುಕೊಂಡು ನೋಡಿದೆ. ಅವಳು ಎರಡು ತೊಳೆ ಕೊಟ್ಟಳು, ನಾನು ಚಕ್ಕುಲಿ ಕೊಟ್ಟೆ. ಭಾಷೆ ಬೇಕಾಗಲಿಲ್ಲ.

ತನ್ವಿ ರೀಲಿನಿಂದ ದಾರ ಬಿಚ್ಚುತ್ತಿದ್ದಳು. ಗಾಳಿಗೆ ಅದು ಹಾರಿ ದಾರಿಗಡ್ಡ ಉದ್ದಕ್ಕೆ ಬಿತ್ತು.

"ಅಮ್ಮಮ್ಮ, ಬಾ, ಕ್ವಿಕ್! ಹೆಲ್ಪ್ ಮಾಡು!"

ಎದ್ದೆ, ಹೋದೆ, ದಾರದ ಹತ್ತಿರ ನಿಂತೆ. ಕಾಲು ಮುಂದೆ ಹೋಗಲಿಲ್ಲ. ತಿರುಗಿ, ಬೆಂಚನ್ನು ಸುತ್ತಿ, ಕಸದ ಡಬ್ಬಿಯನ್ನು ಬಳಸಿ, ಹುಲ್ಲಿನ ಮೇಲೆ ಕುಂಟುತ್ತ ಅವಳ ಆಚೆ ಬದಿಗೆ ಬಂದೆ.

"ವೈ ಡಿಡ್ ಯೂ ಗೋ ಆಲ್ ದಿ ವೇ ಅರೌಂಡ್? ದಾಟಿ ಬರಬಹುದಿತ್ತಲ್ಲ?"

"ಹೆಂಗ್ಸ್ರ್ ಬಲೆ ದಾಟೂಕಿಲ್ಲೆ, ದಾರನೂ ದಾಟೂಕಿಲ್ಲೆ. ದಾಟಿರೆ ಮೀನ್ ಬತ್ತಿಲ್ಲೆ ಅಂಬ್ರ್. ನಮ್ಮನೆಯಲ್ ನಂಗ್ ಬಲೆ ಮುಟ್ಟೂಕೇ ಬಿಡ್ತಿರ್ಲಿಲ್ಲೆ."

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಏನು ಬಿದ್ದಿತೆಂದು. ಮಗುವಿನ ಕೈ ನಿಂತಿತು.

"ಮುಟ್ಟೋಕೇ ಬಿಡ್ತಿರ್ಲಿಲ್ವಾ? ದೆನ್ ಹೌ ಡಿಡ್ ಯೂ ಫಿಶ್?"

ಪ್ರಸಾದರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗಾಳಕ್ಕೆ ಸಿಕ್ಕಿಸುವ ಹಿಟ್ಟಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ಅವರ ಕೈಯೂ ನಿಂತಿತು.

"ನಾ ಹಿಡ್ದೋಳ್ ಅಲ್ಲ ಮಗಾ. ಮಾರ್ದೋಳ್. ನಂಗ್ ಗಾಳ ಹಾಕೂಕೆ ಬತ್ತಿಲ್ಲೆ."

"ನೆವರ್?"

"ಒಂದ್ ಸಲವೂ ಇಲ್ಲೆ."

"ಬಟ್ ಯೂ ಸೆಡ್ ಹ್ಞೂಂ."

"ಹೌದ್. ಹ್ಞೂಂ ಅಂದೆ. ನೀನ್ ಎದ್ ಹೋತೆ ಅಂದೇಳಿ ಹೆದ್ರಿಕೆ ಆಯ್ತ್."

ಅವಳು ಕೋಲನ್ನು ಎತ್ತಿಕೊಂಡು ಹೋಗಿ ಆ ವಿಯೆಟ್ನಾಮಿನ ಹೆಂಗಸಿನ ಪಕ್ಕ, ನನಗೆ ಬೆನ್ನು ಹಾಕಿ ನಿಂತಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಪ್ರಸಾದರು ನನ್ನ ಹತ್ತಿರ ಬಂದು ಕೂತರು. "ಹಿಡಿಯೋದು ಹೆಂಗಸ್ರಲ್ಲ ಅಂತ ನಂಗೂ ಗೊತ್ತಿರ್ಲಿಲ್ಲ ಅತ್ತೆ. ಮೀನುಗಾರ್ರು ಅಂದ್ರೆ ಎಲ್ರೂ ಹಿಡೀತಾರೆ ಅಂದ್ಕೊಂಡಿದ್ದೆ."

"ಮೈಸೂರಿನಲ್ಲಿ ಸೀರೆ ಉಡೋರೆಲ್ಲ ಮಗ್ಗದಲ್ ನೇಯ್ತ್ರಾ?" ಅಂದೆ. ಸಿಟ್ಟು ಅವರ ಮೇಲೆ ಅಲ್ಲ, ಆದರೆ ಹತ್ತಿರ ಇದ್ದವರು ಅವರು.

ಆಚೆ ನೋಡಿದರೆ ಆ ಹೆಂಗಸು ತನ್ವಿಯ ಕೋಲಿನ ದಾರವನ್ನು ಹಿಡಿದು ಸರಿಯಿಲ್ಲವೆಂದು ತಲೆಯಾಡಿಸುತ್ತಿದ್ದಳು. ನನ್ನ ಗಂಟನ್ನು ಕತ್ತರಿಸಿ ಎಸೆದಳು, ನನ್ನ ಕಣ್ಣೆದುರೇ. ಹೊಸದಾಗಿ ಸುತ್ತಿ, ತುದಿ ತೂರಿಸಿ, ಉಗುಳು ಹಚ್ಚಿ ಎಳೆದಳು. ಸೀಸದ ಗುಂಡನ್ನು ಗಾಳದಿಂದ ಮೊಳದಷ್ಟು ದೂರಕ್ಕೆ ಸರಿಸಿದಳು. ಬಣ್ಣದ ಹಿಟ್ಟನ್ನು ಕಡಲೆಕಾಳಿನಷ್ಟು ಉಂಡೆ ಮಾಡಿಸಿದಳು. ತನ್ವಿ ಮಾಡಿದ್ದು ಕೋಡುಬಳೆಯ ಗಾತ್ರ. ಅರ್ಧ ತೆಗೆಸಿದಳು. ಮಗು ಎಲ್ಲವನ್ನೂ ಮತ್ತೆ ಮತ್ತೆ ಮಾಡಿ ನೋಡಿತು.

ಆಮೇಲೆ ತನ್ವಿ ನನ್ನ ಕಡೆಗೆ ಬಂದಳು. ಮುಖ ಇನ್ನೂ ಗಂಟಿಕ್ಕಿತ್ತು.

"ಅಮ್ಮಮ್ಮ, ನಿನ್ ಹತ್ರ ಲೈಸೆನ್ಸ್ ಇದೆ, ರೈಟ್?"

"ಇತ್ತ್."

"ದೆನ್ ಗೆಟ್ ಅಪ್. ಐ ವಿಲ್ ಟೀಚ್ ಯೂ."

ನನ್ನ ಹೆಬ್ಬೆರಳನ್ನು ಹಿಡಿದು ರೀಲಿನ ಮೇಲೆ ಇಟ್ಟಳು. ಹೀಗೆ ಒತ್ತು, ಹಿಂದೆ ತಗೋ, ಬಿಡು. ಮೊದಲ ಸಲ ಗಾಳ ನನ್ನ ಕಾಲ ಬುಡದಲ್ಲೇ ಬಿತ್ತು. "ನಾಟ್ ಲೈಕ್ ದಟ್! ಅಯ್ಯೋ ಅಮ್ಮಮ್ಮ, ಗಮನ ಕೊಡು!" ಅಂದಳು. ಅವಳ ಅಮ್ಮ ಅವಳಿಗೆ ಲೆಕ್ಕ ಹೇಳಿಕೊಡುವಾಗಿನ ಅದೇ ದನಿ. ವಿಯೆಟ್ನಾಮಿನವಳು ಬಿದ್ದು ಬಿದ್ದು ನಕ್ಕಳು. ಇನ್ನೊಮ್ಮೆ ಬೀಸಿದೆ, ಗಾಳ ಹೋಗಿ ದೂರದಲ್ಲಿ ಪುಳಕ್ ಅಂತು. ಆ ಪುಳಕ್ ನನ್ನದು. ಇಷ್ಟು ವರ್ಷ ಮೀನಿನ ಜೊತೆ ಬಾಳಿ, ನೀರಿಗೆ ಒಂದು ಗಾಳ ಬಿಟ್ಟಿರಲಿಲ್ಲವಲ್ಲ ಅಂತ ನನಗೇ ಆಶ್ಚರ್ಯವಾಯಿತು.

ಕಾದೆವು. ತನ್ವಿ ನನಗೆ ಒತ್ತಿಕೊಂಡು ಕೂತಿದ್ದಳು. ಆಗ ಕೇಳಿದಳು, ಮಾರುವುದು ಹೇಗೆ ಅಂತ. ಮನೆ ಮನೆಗೆ ಹೋಗುತ್ತಿದ್ದೆಯಾ, ಜನ ಬೈಯುತ್ತಿದ್ದರಾ, ಬೆಕ್ಕು ಬರುತ್ತಿತ್ತಾ. ಬೆಕ್ಕಿನ ವಿಷಯವೇ ಅವಳಿಗೆ ಹೆಚ್ಚು ಬೇಕಾದದ್ದು. ಮಾತಿನ ನಡುವೆ ಕೋಲಿನ ತುದಿ ಬಾಗಿತು.

"ರೀಲ್! ರೀಲ್, ಅಮ್ಮಮ್ಮ!"

ಯಾವ ಕಡೆ ತಿರುಗಿಸಬೇಕೆಂದು ಮರೆತುಹೋಯಿತು. ಅವಳು ನನ್ನ ಕೈಯ ಮೇಲೆ ಕೈ ಇಟ್ಟು ತಿರುಗಿಸಿದಳು. ಪ್ರಸಾದರು ಕರವಸ್ತ್ರ ಕಿತ್ತೆಸೆದು ದಡಕ್ಕೆ ಓಡಿ ಬಂದು "ಬಂತು ಬಂತು" ಎಂದು ಕೂಗುತ್ತಿದ್ದರು, ಕೈ ಮಾತ್ರ ಹಾಕಲಿಲ್ಲ. ವಿಯೆಟ್ನಾಮಿನವಳು ತನ್ನ ಜೋಳಿಗೆಬಲೆ ಹಾಕಿ ಎತ್ತಿದಳು. ಮುಂಗೈಯುದ್ದದ ಮೀನು, ಪಕ್ಕೆಯಲ್ಲಿ ಗುಲಾಬಿ ಪಟ್ಟೆ, ಮೈತುಂಬ ಕಪ್ಪು ಚುಕ್ಕೆ.

"ಶುಡ್ ವಿ ಪುಟ್ ಇಟ್ ಬ್ಯಾಕ್?" ಎಂದು ತನ್ವಿ ಸಣ್ಣ ದನಿಯಲ್ಲಿ ಕೇಳಿದಳು.

"ತಿಂಬುಕಲ್ಲದಿರೆ ಅದ್ರ ಬಾಯಿ ಎಂತಕೆ ಹರೂಕ್?" ಅಂದೆ. ಅವಳು ಮೀನನ್ನು ಬಗ್ಗಿ ನೋಡಿ, ಸರಿ ಅಂದಳು.

ಮನೆಯ ಹಿತ್ತಿಲಲ್ಲಿ ಬಾಣಲೆ ಇಟ್ಟು, ಖಾರ ಹಚ್ಚಿ ಹುರಿದೆ. ಒಳಗೆ ತರಬಾರದೆಂದು ಅಳಿಯನ ಅಪ್ಪಣೆ. ಸುಜಾತ ಡ್ಯೂಟಿಯಿಂದ ಬಂದವಳು ಬಟ್ಟೆ ಕೂಡ ಬದಲಿಸದೆ ನಿಂತೇ ತಿಂದಳು. ರುಚಿಯ ವಿಷಯ ಕೇಳಬೇಡಿ. ನಮ್ಮ ಕಾಣೆ ಮೀನಿನ ಮುಂದೆ ಅದು ಉಪ್ಪಿಲ್ಲದ ಗಂಜಿ. ಆದರೂ ಮುಳ್ಳು ಬಿಟ್ಟು ಏನೂ ಉಳಿಯಲಿಲ್ಲ.

ಮರುವಾರ

ಹೊರಡುವ ಮೊದಲು ಇನ್ನೊಂದು ಶನಿವಾರ ಸಿಕ್ಕಿತು. ಅದೇ ಕೆರೆಗೆ ಹೋದೆವು. ವಿಯೆಟ್ನಾಮಿನವಳು ಬಂದಿರಲಿಲ್ಲ. ಮಧ್ಯಾಹ್ನದವರೆಗೂ ಒಂದೂ ಕಚ್ಚಲಿಲ್ಲ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ನಾನು ಎರಡು ಸಲ ತೂಕಡಿಸಿದೆ.

ಅಲ್ಲಿಯವರಿಗೊಂದು ಅಭ್ಯಾಸ. ಗಾಳ ಹಾಕಿ ಕೂತವರನ್ನು ಕಂಡರೆ ಗುರುತಿಲ್ಲದವರೂ ನಿಂತು ಏನಾದರೂ ಸಿಕ್ಕಿತೇ ಎಂದು ಕೇಳುತ್ತಾರೆ. ನಮ್ಮೂರಲ್ಲಿ ಹಾಗೆ ಕೇಳಿದರೆ ಕಣ್ಣು ಹಾಕಿದ ಅಂತ ಬೈಸಿಕೊಳ್ಳಬೇಕು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಿಂತು ಕೇಳಿದ. ತನ್ವಿ ರೀಲಿನಿಂದ ಕಣ್ಣು ತೆಗೆಯದೆ ಅವನಿಗೆ ಹೇಳಿದಳು, ಇವತ್ತು ಇನ್ನೂ ಏನೂ ಇಲ್ಲ, ಇವಳು ನನ್ನ ಅಜ್ಜಿ, ಈಗಷ್ಟೇ ಕಲಿಯುತ್ತಿದ್ದಾಳೆ ಎಂದು.

ಮುದುಕ ನನ್ನನ್ನು ನೋಡಿದ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ.